ಚಟಪಟ ಸದ್ದು ನಿಮ್ಮದೋ, ಅವರದೋ?

ಪ್ರಶ್ನೆ: ನಾನು ಧಾರವಾಡದವನು, ಕೆಲಸದಿಂದ ನಿವೃತ್ತನಾಗಿದ್ದೇನೆ. ಮನೆಯಲ್ಲಿ ತಂದೆಯವರು ಕೂಡಿಟ್ಟ ನೂರಕ್ಕೂ ಹೆಚ್ಚು ಗ್ರಾಮಫೋನ್ ತಟ್ಟೆಗಳಿವೆ. ಅರ್ಧದಷ್ಟು 78ರ ವೇಗದವು, ಉಳಿದವು ಎಲ್‌ಪಿಗಳು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಓದಿ ಬಂದ ಮಗಳು ಅಲ್ಲಿಂದ ಪೋರ್ಟಿಸ್‌ಹೆಡ್ ಎಂಬ ತಂಡದ ಮೊದಲ ಆಲ್ಬಂ 'ಡಮ್ಮಿ'ಯ ಎಲ್‌ಪಿ ತಂದುಕೊಟ್ಟಳು. ತಟ್ಟೆ ಹೊಸದು. ಆದರೂ ಮೊದಲ ದಿನದಿಂದಲೇ ಚಟಪಟ ಸದ್ದು. ಮುಳ್ಳು ಬದಲಾಯಿಸಿದೆ, ಸೋಪಿನ ನೀರಿನಲ್ಲಿ ತೊಳೆದೆ, ಹೋಗಲಿಲ್ಲ. ರಿಪೇರಿಯವರು ಮುಳ್ಳು ಕೂರುವ ಭಾಗವಾದ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು ಎನ್ನುತ್ತಾರೆ. ಕಂಪ್ಯೂಟರಿಗೆ ಇಳಿಸಿಕೊಂಡು ಸದ್ದು ತೆಗೆಸಿಬಿಡಿ ಎಂದು ಗೆಳೆಯರು ಹೇಳುತ್ತಾರೆ. ಮಗಳು ಮಾತ್ರ 'ಅದು ಇರುವುದೇ ಹಾಗೆ ಅಪ್ಪಾ' ಎನ್ನುತ್ತಾಳೆ. ಬೇಕೆಂದೇ ಯಾರಾದರೂ ಹಾಡಿಗೆ ಧೂಳು ಬೆರೆಸುತ್ತಾರೆಯೇ? ಇನ್ನೊಂದು ಚಿಂತೆ: ಈ ತಂಡದವರು ಬೇರೆಯವರ ರೆಕಾರ್ಡುಗಳಿಂದ ಕದ್ದು ಹಾಡು ಕಟ್ಟಿದವರು ಎಂದು ಕೇಳಿದೆ. ಈಗ ಮಗಳೂ ಅಜ್ಜನ ತಟ್ಟೆಗಳಿಂದ ನಾಲ್ಕೈದು ಸೆಕೆಂಡಿನ ತುಣುಕು ತೆಗೆದು ತನ್ನ ಸಂಗೀತದಲ್ಲಿ ಸೇರಿಸಿ ಅಂತರ್ಜಾಲದಲ್ಲಿ ಹಾಕಲು ಹೊರಟಿದ್ದಾಳೆ. ಇದು ಕಳ್ಳತನವಲ್ಲವೇ? ಆ ತಟ್ಟೆಗಳು ಹಾಳಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಂತ್ರ ಕೆಟ್ಟಿದೆಯೇ ಎಂಬ ಅನುಮಾನದಿಂದ ಶುರುವಾಗಿ, ಮಗಳು ತಪ್ಪು ದಾರಿ ಹಿಡಿದಿದ್ದಾಳೆಯೇ ಎಂಬ ಆತಂಕದಲ್ಲಿ ಅದು ಮುಗಿಯುತ್ತದೆ. ಮೊದಲನೆಯದಕ್ಕೆ ನೀವೇ ಹತ್ತು ನಿಮಿಷದಲ್ಲಿ ಉತ್ತರ ಕಂಡುಕೊಳ್ಳಬಹುದು. ಎರಡನೆಯದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಳೆಯ ತಟ್ಟೆಗಳ ಧ್ವನಿಯನ್ನು ಡಿಜಿಟಲ್ ರೂಪಕ್ಕೆ ಇಳಿಸುವುದೇ ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಹಾಗಾಗಿ ನನಗೆ ನಿಜವಾದ ಕಳವಳ ತಂದದ್ದು ನೀವು ಒಂದೇ ಮಾತಿನಲ್ಲಿ ಹೇಳಿ ದಾಟಿದ ಆ ಸೋಪಿನ ನೀರು. ಅದಕ್ಕೆ ಆಮೇಲೆ ಬರುತ್ತೇನೆ.

ಮಗಳು ಹೇಳಿದ್ದು ಸರಿ. 'ಡಮ್ಮಿ'ಯಲ್ಲಿ ಚಟಪಟ ಸದ್ದು ಇದೆ, ಬೇಕೆಂದೇ ಇದೆ. ಸಿ.ಡಿ.ಯಲ್ಲಿ ಕೇಳಿದರೂ ಇರುತ್ತದೆ, ಮೊಬೈಲಿನಲ್ಲಿ ಕೇಳಿದರೂ ಇರುತ್ತದೆ. ಆದರೆ ಅಷ್ಟರಿಂದಲೇ ನಿಮ್ಮ ಟರ್ನ್‌ಟೇಬಲ್ ನಿರ್ದೋಷಿ ಎಂದು ತೀರ್ಮಾನಿಸಲಾಗದು. ಒಂದೇ ತಟ್ಟೆಯಲ್ಲಿ ಎರಡು ಬಗೆಯ ಸದ್ದು ಕೂಡಿಕೊಂಡಿರಬಹುದು: ಬ್ರಿಸ್ಟಲ್‌ನ ಸ್ಟುಡಿಯೋದಲ್ಲಿ ಸೇರಿದ್ದು ಒಂದು, ನಿಮ್ಮ ಮನೆಯ ಪಡಸಾಲೆಯಲ್ಲಿ ಸೇರಿದ್ದು ಇನ್ನೊಂದು. ಎರಡನ್ನೂ ಬೇರ್ಪಡಿಸಲು ಒಂದು ಗಡಿಯಾರ ಸಾಕು.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಎಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ತಟ್ಟೆಯ ಮೇಲೆ ಗೀರು ಬಿದ್ದಿದ್ದರೆ ಮುಳ್ಳು ಪ್ರತಿ ಸುತ್ತಿನಲ್ಲೂ ಅದನ್ನು ಎಡವುತ್ತದೆ. 'ಟಕ್' ಎಂಬ ಸದ್ದು ಹದಿನೆಂಟು ಸೆಕೆಂಡಿನಲ್ಲಿ ಸರಿಯಾಗಿ ಹತ್ತು ಸಲ ಬರುತ್ತದೆ. ಹಾಡಿನ ಲಯ ಏನೇ ಇರಲಿ, ಅದು ತನ್ನ ಪಾಡಿಗೆ ಬರುತ್ತಿರುತ್ತದೆ. ಹಾಡಿನೊಳಗೇ ಮುದ್ರಿತವಾದ ಸದ್ದು ಹಾಗಲ್ಲ, ಅದು ತಾಳದೊಂದಿಗೆ ಹೆಜ್ಜೆ ಹಾಕುತ್ತದೆ. ನಿಮಿಷಕ್ಕೆ 80 ಪೆಟ್ಟಿನ ನಡೆಯ ಹಾಡು ಎಂದುಕೊಳ್ಳಿ. ನಾಲ್ಕು ಪೆಟ್ಟಿನ ಒಂದು ಆವರ್ತನಕ್ಕೆ ಮೂರು ಸೆಕೆಂಡ್ ಹಿಡಿಯುತ್ತದೆ. ಪ್ರತಿ ಆವರ್ತನದಲ್ಲೂ ಅದೇ ಪೆಟ್ಟಿನ ಪಕ್ಕದಲ್ಲಿ ಅದೇ 'ಚಟ್' ಕೇಳಿದರೆ ಅದು ಅವರದು. ಧಾರವಾಡದವರಾದ ನಿಮಗೆ ಸಮ್, ಅಂದರೆ ಆವರ್ತನದ ಮೊದಲ ಪೆಟ್ಟು, ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಮ್ ಹಿಡಿದು ಕೇಳಿ, ಸದ್ದು ಆವರ್ತನಕ್ಕೆ ಸೇರಿದ್ದೋ ಸುತ್ತಿಗೆ ಸೇರಿದ್ದೋ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನೂ ಸುಲಭದ ಪರೀಕ್ಷೆ ಇದೆ. ಹಾಡು ಶುರುವಾಗುವ ಮುನ್ನ ತಟ್ಟೆಯ ಅಂಚಿನಲ್ಲಿ ಖಾಲಿ ಗೆರೆಗಳಿರುತ್ತವೆ. ಅಲ್ಲಿ ಮುಳ್ಳಿಟ್ಟು ಕೇಳಿ. ಅಲ್ಲಿ ಸಂಗೀತಗಾರರು ಏನನ್ನೂ ಇಟ್ಟಿಲ್ಲ. ಅಲ್ಲಿ ಕೇಳುವ ಚಟಪಟವೆಲ್ಲ ನಿಮ್ಮದು, ಅಂದರೆ ಧೂಳು, ಸ್ಥಾಯೀ ವಿದ್ಯುತ್ತು ಅಥವಾ ಸೋಪು. ಹಾಡುಗಳ ನಡುವಿನ ಬಿಡುವಿನಲ್ಲೂ ಹೀಗೆಯೇ ಕೇಳಿ. ಸದ್ದು ಹಾಡಿನೊಂದಿಗೆ ನಿಂತು ಮುಂದಿನ ಹಾಡಿನೊಂದಿಗೆ ಮತ್ತೆ ಬಂದರೆ ಅದು ಮುದ್ರಣದೊಳಗಿನದು. ಬಿಡುವಿನಲ್ಲೂ ಬಿಡದೆ ಮುಂದುವರಿದರೆ ತಟ್ಟೆಗೆ ಅಂಟಿಕೊಂಡದ್ದು. ಇವೆರಡೂ ಅಲ್ಲದ ಮೂರನೆಯ ಸದ್ದೊಂದಿದೆ: ಒಂದೇ ಕಡೆಯ ಸ್ಪೀಕರಿನಲ್ಲಿ ಬಟ್ಟೆ ಹರಿದಂತೆ 'ಸರ್ರ್' ಎನ್ನುವುದು. ತಟ್ಟೆ ಅಚ್ಚಾಗುವಾಗ ವಿನೈಲ್ ಎಂಬ ಪ್ಲಾಸ್ಟಿಕ್ಕು ಗೆರೆಯೊಳಗೆ ಪೂರ್ತಿ ತುಂಬಿಕೊಳ್ಳದಿದ್ದರೆ ಹೀಗಾಗುತ್ತದೆ. ಅದು ಕಾರ್ಖಾನೆಯ ದೋಷ, ತೊಳೆದರೆ ಹೋಗದು. ಕೊಂಡ ಅಂಗಡಿಗೆ ಹಿಂದಿರುಗಿಸುವುದೊಂದೇ ದಾರಿ.

ಈಗ ಬೇಕೆಂದೇ ಧೂಳು ಬೆರೆಸಿದವರ ವಿಷಯ.

ಬ್ರಿಸ್ಟಲ್ ಹಡಗುಕಟ್ಟೆಯ ಊರು. ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ದೊಡ್ಡ ದೊಡ್ಡ ಸ್ಪೀಕರುಗಳನ್ನು ಪೇರಿಸಿ, ರೆಕಾರ್ಡುಗಳನ್ನು ತಿರುಗಿಸಿ ಊರನ್ನೇ ಕುಣಿಸುವ ಸೌಂಡ್ ಸಿಸ್ಟಂ ಪದ್ಧತಿ ಅವರೊಂದಿಗೆ ಬಂತು. ಆ ವಾತಾವರಣದಿಂದ ಎದ್ದುಬಂದ ಮ್ಯಾಸಿವ್ ಅಟ್ಯಾಕ್ ತಂಡ 1991ರಲ್ಲಿ 'ಬ್ಲೂ ಲೈನ್ಸ್' ಎಂಬ ಮೊದಲ ಆಲ್ಬಂ ತಂದಿತು. ಅಮೆರಿಕದ ಹಿಪ್‌ಹಾಪ್‌ನ ತಾಳವನ್ನು ನಿಧಾನಗೊಳಿಸಿ, ಜಮೈಕಾದ ಡಬ್ ಸಂಗೀತದ ಆಳವಾದ ಬೇಸ್ ಸೇರಿಸಿ ಕಟ್ಟಿದ ಸಂಗೀತ ಅದು. ಅದು ಮುದ್ರಣವಾಗುತ್ತಿದ್ದ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ನೋಡಿಕೊಳ್ಳುವ ಸಹಾಯಕನಾಗಿದ್ದ ಹುಡುಗ ಜೆಫ್ ಬ್ಯಾರೋ. ಬ್ರಿಸ್ಟಲ್‌ಗೆ ಹತ್ತಿರದ ಪೋರ್ಟಿಸ್‌ಹೆಡ್ ಎಂಬ ಕರಾವಳಿಯ ಪಟ್ಟಣದಲ್ಲಿ ಬೆಳೆದವನು. ತಂಡಕ್ಕೆ ಆ ಊರಿನ ಹೆಸರನ್ನೇ ಇಟ್ಟ.

ಅದೇ ವರ್ಷ, ನಿರುದ್ಯೋಗಿಗಳು ಸ್ವಂತ ಉದ್ಯೋಗ ಶುರುಮಾಡಲು ಸರ್ಕಾರ ನಡೆಸುತ್ತಿದ್ದ ತರಬೇತಿಯೊಂದರಲ್ಲಿ ಅವನಿಗೆ ಬೆತ್ ಗಿಬ್ಬನ್ಸ್ ಎಂಬ ಗಾಯಕಿಯ ಪರಿಚಯವಾಯಿತು. ಜಾಝ್ ಗಿಟಾರ್ ನುಡಿಸುತ್ತಿದ್ದ ಏಡ್ರಿಯನ್ ಅಟ್ಲಿ ಆಮೇಲೆ ಸೇರಿಕೊಂಡರು. ಧ್ವನಿಮುದ್ರಣದ ಹೊಣೆ ಡೇವ್ ಮೆಕ್‌ಡೊನಾಲ್ಡ್ ಅವರದು. 1994ರ ಆಗಸ್ಟಿನಲ್ಲಿ 'ಡಮ್ಮಿ' ಬಂತು, 1995ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆಯಿತು. ಈ ಬಗೆಯ ಸಂಗೀತಕ್ಕೆ 'ಟ್ರಿಪ್ ಹಾಪ್' ಎಂಬ ಹೆಸರು ಆ ಹೊತ್ತಿಗೆ ಪತ್ರಿಕೆಗಳ ಬಾಯಲ್ಲಿ ಓಡಾಡತೊಡಗಿತ್ತು. ಅದನ್ನು ಕೊಟ್ಟವರು ಪತ್ರಕರ್ತರೇ ಹೊರತು ಸಂಗೀತಗಾರರಲ್ಲ, ಬ್ರಿಸ್ಟಲ್‌ನವರಿಗೆ ಆ ಹೆಸರು ರುಚಿಸಲೂ ಇಲ್ಲ.

ಧೂಳು ಎಲ್ಲಿಂದ ಬಂತು ಎಂಬುದು ಅರ್ಥವಾಗಲು ಸ್ಯಾಂಪ್ಲರ್ ಎಂಬ ಯಂತ್ರದ ಬಗ್ಗೆ ತಿಳಿಯಬೇಕು. ಯಾವುದಾದರೂ ಧ್ವನಿಯ ಒಂದು ತುಣುಕನ್ನು ನೆನಪಿನಲ್ಲಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಅದನ್ನು ಮತ್ತೆ ನುಡಿಸುವ ಯಂತ್ರ ಅದು. ಆ ಕಾಲದ ಸ್ಟುಡಿಯೋಗಳಲ್ಲಿ ಎಲ್ಲೆಡೆ ಕಾಣುತ್ತಿದ್ದ ಅಕಾಯ್ ಎಸ್1000 ಯಂತ್ರಕ್ಕೆ ಮೂಲದಲ್ಲಿ ಇದ್ದ ಸ್ಮೃತಿ ಎರಡು ಮೆಗಾಬೈಟ್ ಮಾತ್ರ. ಸಿ.ಡಿ.ಯ ಗುಣಮಟ್ಟದಲ್ಲಿ ಅದರಲ್ಲಿ ಹಿಡಿಯುತ್ತಿದ್ದುದು ಒಂದೇ ಚಾನೆಲ್ಲಿನ ಸುಮಾರು 23 ಸೆಕೆಂಡ್. ಆದ್ದರಿಂದ ಹಿಪ್‌ಹಾಪ್ ಕಲಿತವರು ಹಳೆಯ ರೆಕಾರ್ಡಿನ ಒಂದೆರಡು ಆವರ್ತನದ ಡ್ರಮ್ಮನ್ನು ಕತ್ತರಿಸಿ, ಅದರ ಕೊನೆಯನ್ನು ಮೊದಲಿಗೆ ಜೋಡಿಸಿ, ಲೂಪ್ ಮಾಡಿ ಹಾಡಿನುದ್ದಕ್ಕೂ ತಿರುಗಿಸುತ್ತಿದ್ದರು. ಡ್ರಮ್ಮನ್ನು ಎತ್ತಿಕೊಂಡಾಗ ರೆಕಾರ್ಡಿನ ಮೇಲಿದ್ದ ಧೂಳಿನ ಸದ್ದೂ ಅದರೊಂದಿಗೆ ಬರುತ್ತಿತ್ತು.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಧೂಳಿನ ಸದ್ದಿಗೆ ಲಯವಿಲ್ಲ, ಮನಸ್ಸಿಗೆ ಬಂದಲ್ಲಿ ಸಿಡಿಯುತ್ತದೆ. ಆದರೆ ಅದನ್ನು ಎರಡು ಆವರ್ತನಕ್ಕೆ ಕತ್ತರಿಸಿ ತಿರುಗಿಸಲು ಶುರುಮಾಡಿದ ಕೂಡಲೇ, ಮೂರನೆಯ ಪೆಟ್ಟಿನ ಹಿಂದೆ ಬಿದ್ದ ಸಿಡಿತ ಪ್ರತಿ ಸಲವೂ ಮೂರನೆಯ ಪೆಟ್ಟಿನ ಹಿಂದೆಯೇ ಬೀಳುತ್ತದೆ. ನಾಲ್ಕನೆಯ ಸಲ ಕೇಳುವ ಹೊತ್ತಿಗೆ ಕಿವಿ ಅದಕ್ಕಾಗಿ ಕಾಯತೊಡಗುತ್ತದೆ. ಕಸವಾಗಿದ್ದದ್ದು ತಾಳವಾದ್ಯವಾಗುತ್ತದೆ. ನಿಮ್ಮ ಎಲ್‌ಪಿಯಲ್ಲಿ ತಾಳಕ್ಕೆ ಸರಿಯಾಗಿ ಬರುವ ಚಟಪಟವೆಂದರೆ ಇದೇ.

ಬ್ಯಾರೋ ಮತ್ತು ಅವರ ಜತೆಗಾರರು ಇಲ್ಲಿಗೇ ನಿಲ್ಲಲಿಲ್ಲ. ತಾವೇ ಡ್ರಮ್, ಗಿಟಾರ್, ಕೀಬೋರ್ಡ್ ನುಡಿಸಿ ಮುದ್ರಿಸಿದರು. ಆ ಮುದ್ರಣವನ್ನು ವಿನೈಲ್ ತಟ್ಟೆಗಳಾಗಿ ಕೊರೆಸಿದರು. ಆ ತಟ್ಟೆಗಳನ್ನು ಸ್ಟುಡಿಯೋದ ನೆಲದ ಮೇಲೆ ಹಾಕಿ ಅವುಗಳ ಮೇಲೆ ನಡೆದಾಡಿದೆವು, ಸ್ಕೇಟ್‌ಬೋರ್ಡಿನಂತೆ ಬಳಸಿದೆವು ಎಂದು ಬ್ಯಾರೋ ಹೇಳಿದ್ದಾರೆ. ಕೆಟ್ಟುಹೋದ ಆಂಪ್ಲಿಫೈಯರಿನ ಮೂಲಕ ಧ್ವನಿಯನ್ನು ಹಾಯಿಸಿದ್ದೂ ಉಂಟು. ಹಾಗೆ ಸವೆಸಿದ ತಟ್ಟೆಯನ್ನು ಟರ್ನ್‌ಟೇಬಲ್ ಮೇಲೆ ಹಾಕಿ, ಅದರಿಂದ ತುಣುಕು ತೆಗೆದು ಸ್ಯಾಂಪ್ಲರಿಗೆ ತುಂಬಿದರು. ನಿನ್ನೆ ನುಡಿಸಿದ ಸಂಗೀತ ಮೂವತ್ತು ವರ್ಷದ ಹಿಂದಿನ ಯಾವುದೋ ಮರೆತುಹೋದ ಸಿನಿಮಾದಿಂದ ಬಂದಂತೆ ಕೇಳಿಸಿತು. ಅವರು ಹುಡುಕುತ್ತಿದ್ದುದು ಅದನ್ನೇ. ಹಳೆಯ ಪತ್ತೇದಾರಿ ಚಿತ್ರಗಳ ಸಂಗೀತ ಅವರಿಗೆ ಎಷ್ಟು ಪ್ರಿಯವಾಗಿತ್ತೆಂದರೆ, ಆಲ್ಬಂಗೆ ಮೊದಲೇ ತಾವೇ ಒಂದು ಕಿರುಚಿತ್ರ ಮಾಡಿದ್ದರು. ಆಲ್ಬಂನ ಹೊದಿಕೆಯ ಚಿತ್ರ ಅದರದೇ ಒಂದು ದೃಶ್ಯ.

ಮೊದಲ ಹಾಡು 'ಮಿಸ್ಟೆರಾನ್ಸ್'ನಲ್ಲಿ ಗಾಳಿಯಲ್ಲಿ ತೇಲುವಂತೆ ಊಳಿಡುವ ದನಿಯೊಂದು ಕೇಳುತ್ತದೆ. ಅನೇಕರು ಅದನ್ನು ತೆರೆಮಿನ್ ಎಂಬ ಹಳೆಯ ಉಪಕರಣ ಎಂದುಕೊಂಡಿದ್ದಾರೆ. ಅದು ಸಿಂಥಸೈಜರಿನಿಂದ ಹೊರಡಿಸಿದ ದನಿ. ಹೀಗೆ ಈ ಆಲ್ಬಂನಲ್ಲಿ ಹಳೆಯದೆಂದು ಕೇಳುವುದೆಲ್ಲ ಹಳೆಯದಲ್ಲ, ಕದ್ದದ್ದೆಂದು ಕೇಳುವುದೆಲ್ಲ ಬೇರೆಯವರದೂ ಅಲ್ಲ.

ಗಮನಿಸಬೇಕಾದ್ದು ಇನ್ನೂ ಒಂದಿದೆ. ಧೂಳು ಇರುವುದು ತುಣುಕುಗಳ ಮೇಲೆ, ಬೆತ್ ಗಿಬ್ಬನ್ಸ್ ಅವರ ದನಿಯ ಮೇಲಲ್ಲ. ಆ ದನಿ ಮುಂದೆ, ನಿಮ್ಮ ಕಿವಿಯ ಪಕ್ಕದಲ್ಲೇ ನಿಂತು ಹಾಡಿದಂತಿದೆ, ಉಸಿರೂ ಕೇಳುತ್ತದೆ. ಹಿಂದೆ ಸವೆದುಹೋದ ಲೋಕ, ಮುಂದೆ ಈ ಕ್ಷಣದ ಹೆಣ್ಣುದನಿ. ನಾಲ್ಕನೆಯ ಹಾಡು 'ಇಟ್ ಕುಡ್ ಬಿ ಸ್ವೀಟ್' ಕೇಳಿ. ಅದರಲ್ಲಿ ಬೇರೆಯವರ ತುಣುಕು ಒಂದೂ ಇಲ್ಲ. ಆಮೇಲೆ ಮುಳ್ಳನ್ನು ಎರಡನೆಯ ಬದಿಯ ಕೊನೆಯತ್ತ ಒಯ್ದು 'ಬಿಸ್ಕಿಟ್' ಕೇಳಿ. ಅದರಲ್ಲಿ 1950ರ ದಶಕದ ಗಾಯಕ ಜಾನಿ ರೇ ಅವರ ದನಿಯನ್ನು ನಿಧಾನಗೊಳಿಸಿ, ಬಾವಿಯೊಳಗಿಂದ ಬಂದಂತೆ ಕೇಳಿಸಿದ್ದಾರೆ. ರೆಕಾರ್ಡನ್ನು ನಿಧಾನವಾಗಿ ತಿರುಗಿಸಿದರೆ ದನಿ ಮಂದ್ರಕ್ಕಿಳಿಯುತ್ತದೆ. ಅದರೊಂದಿಗೆ ಧೂಳಿನ ಸಿಡಿತವೂ ದಪ್ಪವಾಗಿ, ದೂರ ದೂರವಾಗಿ ಕೇಳುತ್ತದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋದಾಗ ಚಟಪಟದ ಬಗೆ ಬದಲಾದರೆ ನಿಮ್ಮ ಮುಳ್ಳನ್ನು ದೂರಬೇಡಿ. ಮುಳ್ಳು ಹಾಡು ನೋಡಿ ಸದ್ದು ಮಾಡುವುದಿಲ್ಲ.

ಗೆಳೆಯರ ಸಲಹೆಯಂತೆ ಕಂಪ್ಯೂಟರಿಗೆ ಇಳಿಸಿ ಸದ್ದು ತೆಗೆಸುವ ಯೋಚನೆಯನ್ನು ದಯವಿಟ್ಟು ಬಿಡಿ. ಸದ್ದು ತೆಗೆಯುವ ತಂತ್ರಾಂಶ ಹುಡುಕುವುದು ಇದ್ದಕ್ಕಿದ್ದಂತೆ ಮೇಲೆದ್ದು ಥಟ್ಟನೆ ಬೀಳುವ ಅಲೆಗಳನ್ನು. ಧೂಳಿನ ಸಿಡಿತ ಹಾಗಿರುತ್ತದೆ. ಡ್ರಮ್ಮಿನ ಮೇಲೆ ಕೋಲು ಬಿದ್ದ ಮೊದಲ ಗಳಿಗೆಯೂ ಹಾಗೆಯೇ ಇರುತ್ತದೆ. ಯಾವುದು ಕಸ, ಯಾವುದು ಕಲಾವಿದರ ಇಚ್ಛೆ ಎಂಬುದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಬಹಳ ವರ್ಷಗಳ ಹಿಂದೆ ಒಬ್ಬರು ಇದೇ ಬಗೆಯ ಸಂಗೀತದ ತಟ್ಟೆಯೊಂದನ್ನು ನನ್ನಲ್ಲಿಗೆ ತಂದಿದ್ದರು. ಆ ಸಂಗೀತದ ಪರಿಚಯ ನನಗಾಗ ಇರಲಿಲ್ಲ. ಹಳೆಯ ಭಾವಗೀತೆಯ ತಟ್ಟೆಗೆ ಮಾಡುವಂತೆ ಶ್ರದ್ಧೆಯಿಂದ ಪ್ರತಿಯೊಂದು ಚಟಪಟವನ್ನೂ ತೆಗೆದೆ. ಕೇಳಿದಾಗ ಹಾಡು ಸತ್ತಂತಿತ್ತು. ಡ್ರಮ್ಮಿನ ಅಂಚು ಮೊಂಡಾಗಿತ್ತು, ಹಿಂದಿನ ಕತ್ತಲೆ ಮಾಯವಾಗಿತ್ತು. ತಟ್ಟೆಯ ಮಾಲೀಕರ ಮುಖ ನೋಡಿ ತಪ್ಪು ಅರ್ಥವಾಯಿತು. ಮೂಲ ಕಡತ ಉಳಿಸಿಕೊಂಡಿದ್ದರಿಂದ ಮತ್ತೆ ಮೊದಲಿನಿಂದ ಮಾಡಿಕೊಟ್ಟೆ. ಅಂದಿನಿಂದ ಯಾವ ತಟ್ಟೆ ಬಂದರೂ ಮೊದಲು ಪೂರ್ತಿ ಕೇಳುತ್ತೇನೆ, ಆಮೇಲೆ ಕೈ ಹಚ್ಚುತ್ತೇನೆ.

ಇನ್ನು ಕಳ್ಳತನದ ಮಾತು. 'ಡಮ್ಮಿ'ಯಲ್ಲಿ ಬೇರೆಯವರ ತುಣುಕುಗಳು ಇವೆ, ಅದರಲ್ಲಿ ಮುಚ್ಚುಮರೆಯಿಲ್ಲ. 'ಸವರ್ ಟೈಮ್ಸ್' ಹಾಡಿನ ಬೆನ್ನೆಲುಬು ಲಾಲೊ ಶಿಫ್ರಿನ್ ಅವರು 'ಮಿಷನ್ ಇಂಪಾಸಿಬಲ್' ಟಿ.ವಿ. ಸರಣಿಗೆ ಮಾಡಿದ ಸಂಗೀತದ ಒಂದು ಭಾಗ. ಕೊನೆಯ ಹಾಡು 'ಗ್ಲೋರಿ ಬಾಕ್ಸ್' ಐಸಾಕ್ ಹೇಯ್ಸ್ ಅವರ 1971ರ ರೆಕಾರ್ಡಿನ ತುಣುಕಿನ ಮೇಲೆ ನಿಂತಿದೆ. ವಾರ್ ಮತ್ತು ವೆದರ್ ರಿಪೋರ್ಟ್ ತಂಡಗಳ ತುಣುಕುಗಳೂ ಬೇರೆ ಹಾಡುಗಳಲ್ಲಿವೆ. ಇವರ ಹೆಸರುಗಳು ಆಲ್ಬಂನಲ್ಲೇ ಅಚ್ಚಾಗಿವೆ. ಶಿಫ್ರಿನ್ ಮತ್ತು ಹೇಯ್ಸ್ ಆಯಾ ಹಾಡಿನ ರಚನಕಾರರಾಗಿಯೇ ದಾಖಲಾಗಿದ್ದಾರೆ. ಹೆಸರು ಹೇಳಿ, ರಚನೆಯಲ್ಲಿ ಪಾಲು ಕೊಟ್ಟು ಪಡೆದದ್ದನ್ನು ಕಳ್ಳತನ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅದು ಸೋಮಾರಿತನವೂ ಅಲ್ಲ. ಐಸಾಕ್ ಹೇಯ್ಸ್ ಅವರ ಅದೇ ತುಣುಕನ್ನು 1995ರಲ್ಲಿ ಬ್ರಿಸ್ಟಲ್‌ನವರೇ ಆದ ಟ್ರಿಕಿ ಎಂಬ ಕಲಾವಿದರು ತಮ್ಮ ಮೊದಲ ಆಲ್ಬಂ 'ಮ್ಯಾಕ್ಸಿನ್‌ಕ್ವೇ'ಯಲ್ಲಿ ಬಳಸಿದರು. ಮಗಳಿಗೆ ಹೇಳಿ ಎರಡನ್ನೂ ಒಂದಾದ ಮೇಲೊಂದು ಕೇಳಿ. ಒಂದರಲ್ಲಿ ಅದೇ ಸ್ವರಗಳು ಅಹವಾಲು ಹೇಳಿಕೊಳ್ಳುತ್ತವೆ, ಇನ್ನೊಂದರಲ್ಲಿ ಗದ್ಗದವಾಗಿ ಪಿಸುಗುಡುತ್ತವೆ. ಇಬ್ಬರೂ ಒಂದೇ ಚೀಜನ್ನು, ಅಂದರೆ ಒಂದೇ ರಚನೆಯನ್ನು, ಹಾಡಿದರೂ ಗಾಯನ ಎರಡಾಗುವುದನ್ನು ನಿಮ್ಮ ಊರಿನವರು ಅನುಮಾನದಿಂದ ನೋಡುವುದಿಲ್ಲವಲ್ಲ. ಈ ಹಾಡುಗಳು ಧೂಳನ್ನೇ ನೆಚ್ಚಿ ಬದುಕಿದವೂ ಅಲ್ಲ. 1997ರಲ್ಲಿ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಸಭಾಂಗಣದಲ್ಲಿ ದೊಡ್ಡ ವಾದ್ಯವೃಂದದೊಂದಿಗೆ ಅವನ್ನು ನೇರವಾಗಿ ಹಾಡಿ ನುಡಿಸಿದರು. ಆ ಮುದ್ರಣ ಕೇಳಿದರೆ ರಚನೆಯ ಗಟ್ಟಿತನ ತಿಳಿಯುತ್ತದೆ.

ಆದರೆ ಮಗಳ ವಿಷಯಕ್ಕೆ ಬಂದಾಗ ಈ ಸಮಾಧಾನ ಸಾಲದು. 'ನಾಲ್ಕೈದು ಸೆಕೆಂಡ್ ಆದರೆ ಪರವಾಗಿಲ್ಲ' ಎಂಬ ಮಾತು ಸಂಗೀತ ಮಾಡುವ ಹುಡುಗರಲ್ಲಿ ಬಹಳ ಚಾಲ್ತಿಯಲ್ಲಿದೆ. ಅದು ನಂಬಿಕೆಯೇ ಹೊರತು ಕಾನೂನಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಷ್ಟು ಸೆಕೆಂಡ್ ಉಚಿತ ಎಂಬ ಲೆಕ್ಕ ಎಲ್ಲೂ ಇಲ್ಲ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ 1977ರ ರೆಕಾರ್ಡಿನಿಂದ ತೆಗೆದ ಕೇವಲ ಎರಡು ಸೆಕೆಂಡಿನ ತುಣುಕಿನ ವ್ಯಾಜ್ಯ ವರ್ಷಾನುಗಟ್ಟಲೆ ನಡೆದು ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಕಿವಿಗೆ ಗುರುತು ಸಿಗದಷ್ಟು ಬದಲಾಯಿಸದ ಹೊರತು ಎಷ್ಟೇ ಚಿಕ್ಕ ತುಣುಕಿಗೂ ಅನುಮತಿ ಬೇಕೆಂದು ಅದು 2019ರಲ್ಲಿ ಹೇಳಿತು. ಅಮೆರಿಕದಲ್ಲಿ 1991ರಲ್ಲಿ ಬಂದ ಪ್ರಸಿದ್ಧ ತೀರ್ಪು ಶುರುವಾಗುವುದೇ ಬೈಬಲ್ಲಿನ 'ಕದಿಯಬಾರದು' ಎಂಬ ಆಜ್ಞೆಯಿಂದ. ನಮ್ಮ ನೆಲದ ಉದಾಹರಣೆಯೂ ಉಂಟು. ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ್ದ ಹಿಂದಿ ಚಿತ್ರಗೀತೆಯೊಂದರ ಭಾಗ ಅನುಮತಿ ಕೇಳದೆಯೇ 2002ರಲ್ಲಿ ಅಮೆರಿಕದ ಹಾಡೊಂದರಲ್ಲಿ ಸೇರಿಕೊಂಡಿತು. ಲಾಹಿರಿಯವರ ಹೆಸರು ನಮೂದಿಸದೆ ಆ ಸಿ.ಡಿ. ಮಾರುವಂತಿಲ್ಲ ಎಂದು ಅಲ್ಲಿನ ನ್ಯಾಯಾಲಯ ಆದೇಶಿಸಿತು.

ಒಂದು ತಟ್ಟೆಯಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ ಎಂಬುದನ್ನು ಮಗಳಿಗೆ ತಿಳಿಸಿ. ಧ್ವನಿಮುದ್ರಣದ ಹಕ್ಕು ಒಂದು, ಸಾಮಾನ್ಯವಾಗಿ ಕಂಪನಿಯದು. ಅದು ಬಿಡುಗಡೆಯಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಇರುತ್ತದೆ. ಹೀಗಾಗಿ 1964ರಲ್ಲಿ ಬಂದ ತಟ್ಟೆಯ ಮುದ್ರಣದ ಹಕ್ಕು 2024ರ ಕೊನೆಗೆ ಮುಗಿಯಿತು. ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಇನ್ನೊಂದು. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅಜ್ಜನ ತಟ್ಟೆ ಎಷ್ಟೇ ಹಳೆಯದಿರಲಿ, ಕವಿಯೋ ಸಂಗೀತ ಸಂಯೋಜಕರೋ ಇತ್ತೀಚಿನವರೆಗೆ ಬದುಕಿದ್ದರೆ ಹಾಡು ಮುಕ್ತವಲ್ಲ. ತಟ್ಟೆಯ ಒಡೆತನ ನಿಮ್ಮದು, ಅದರೊಳಗಿನ ಹಾಡಿನದಲ್ಲ.

ಅವಳಿಗಿರುವ ದಾರಿಗಳಲ್ಲಿ ಮೊದಲನೆಯದು ಅನುಮತಿ ಕೇಳುವುದು. ತಟ್ಟೆಯ ಲೇಬಲ್ ಮೇಲಿನ ಹೆಸರಿನಿಂದ ಹುಡುಕಾಟ ಶುರುಮಾಡಬೇಕು. ಎಚ್‌ಎಂವಿ ಲೇಬಲ್‌ನಲ್ಲಿ ಹಾಡು ತರುತ್ತಿದ್ದ ಗ್ರಾಮಫೋನ್ ಕಂಪನಿ ಇಂದು ಸರೆಗಮ ಎಂಬ ಹೆಸರಿನಲ್ಲಿದೆ. ಚಿಕ್ಕ ಕಂಪನಿಗಳಾದರೆ ವಾರಸುದಾರರನ್ನು ಪತ್ತೆಹಚ್ಚುವುದೇ ಕಷ್ಟ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು, ಕೇಳುವ ಹಣ ಹೊಸಬರಿಗೆ ಎಟುಕದೆ ಹೋಗಬಹುದು. ಅನುಮತಿಯಿಲ್ಲದೆ ಹಾಕುವುದು ಇನ್ನೊಂದು ದಾರಿ, ಅದನ್ನು ನಾನು ಹೇಳಲಾರೆ. ಹಾಡು ಗುರುತಿಸುವ ವ್ಯವಸ್ಥೆ ಅಂತರ್ಜಾಲದ ತಾಣಗಳಲ್ಲೇ ಇರುವುದರಿಂದ ಒಂದು ದಿನ ಹಾಡು ಮಾಯವಾಗಬಹುದು, ನೋಟಿಸೂ ಬರಬಹುದು. ಮನೆಯಲ್ಲಿ ಕಲಿಯಲು, ಕತ್ತರಿಸಿ ಜೋಡಿಸಿ ಅಭ್ಯಾಸ ಮಾಡಲು ಅಡ್ಡಿಯಿಲ್ಲ, ಖಾಸಗಿ ಬಳಕೆಗೂ ಅಧ್ಯಯನಕ್ಕೂ ಕಾಯ್ದೆ ಅವಕಾಶ ಕೊಟ್ಟಿದೆ. ಹಣ ಬರುವ ಯಾವುದೇ ಬಿಡುಗಡೆಗೆ ಮುಂಚೆ ಈ ವಿಷಯ ಬಲ್ಲ ವಕೀಲರೊಬ್ಬರ ಮಾತು ಕೇಳಲಿ. ನನ್ನ ತಿಳಿವಳಿಕೆ ಸ್ಟುಡಿಯೋದೊಳಗಿನದು.

ನನ್ನ ಮನಸ್ಸು ಒಪ್ಪುವುದು 'ಡಮ್ಮಿ'ಯವರೇ ಹಿಡಿದ ಇನ್ನೊಂದು ದಾರಿಯನ್ನು. ಅವಳೇ ನುಡಿಸಲಿ, ಅಥವಾ ನುಡಿಸಬಲ್ಲವರನ್ನು ಕೂರಿಸಿಕೊಳ್ಳಲಿ. ಧಾರವಾಡದಲ್ಲಿ ಹಾರ್ಮೋನಿಯಂ, ತಬಲಾ, ಸಿತಾರಿಗೆ ಬರವೇ? ಅದನ್ನು ಚೊಕ್ಕವಾಗಿ ಮುದ್ರಿಸಿ, ಆಮೇಲೆ ಸವೆಸಲಿ. ಒಂದೊಂದೇ ತಟ್ಟೆ ಕೊರೆಸುವುದು ದುಬಾರಿ. ಹಳೆಯ ಕ್ಯಾಸೆಟ್ಟಿಗೆ ತುಂಬಿ ಮತ್ತೆ ಇಳಿಸಿಕೊಂಡರೂ ಆದೀತು. ಚಿಕ್ಕ ಟ್ರಾನ್ಸಿಸ್ಟರಿನ ಸ್ಪೀಕರಿನಲ್ಲಿ ನುಡಿಸಿ ಬಚ್ಚಲುಮನೆಯಲ್ಲಿ ಮೈಕ್ ಇಟ್ಟು ಮತ್ತೆ ಮುದ್ರಿಸಬಹುದು. ಚಟಪಟ ಸದ್ದನ್ನು ತಂತ್ರಾಂಶದಿಂದ ಸಿದ್ಧವಾಗಿ ತಂದು ಇಡೀ ಹಾಡಿನ ಮೇಲೆ ಹೊದಿಸುವುದು ಮಾತ್ರ ಬೇಡ. 'ಡಮ್ಮಿ'ಯನ್ನು ಅನುಕರಿಸಲು ಹೋದ ಬಹಳಷ್ಟು ಮಂದಿ ಎಡವಿದ್ದು ಅಲ್ಲಿಯೇ. ಅಲ್ಲಿ ಪ್ರತಿಯೊಂದು ತುಣುಕಿಗೂ ಅದರದೇ ಧೂಳಿದೆ, ತುಣುಕು ಬಂದಾಗ ಬಂದು ಹೋದಾಗ ಹೋಗುತ್ತದೆ. ಎಲ್ಲದರ ಮೇಲೂ ಒಂದೇ ಸಮ ಹೊದಿಸಿದ ಧೂಳು ಪರದೆಯಂತೆ ಅಡ್ಡ ನಿಲ್ಲುತ್ತದೆ.

ಇನ್ನು ನಿಮ್ಮ ತಟ್ಟೆಗಳು. ಅಜ್ಜನ ತಟ್ಟೆಗಳನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ನುಡಿಸುವ ಸ್ಕ್ರ್ಯಾಚಿಂಗ್‌ಗೆ ಯಾವ ಕಾರಣಕ್ಕೂ ಕೊಡಬೇಡಿ. 78ರ ತಟ್ಟೆಗಳು ವಿನೈಲ್ ಅಲ್ಲ, ಅರಗು ಬೆರೆಸಿದ ಮಿಶ್ರಣ. ಕೈಜಾರಿದರೆ ಗಾಜಿನಂತೆ ಒಡೆಯುತ್ತವೆ. ಉಳಿದ ದೇಶಗಳು ಬಿಟ್ಟ ಮೇಲೂ ಭಾರತದಲ್ಲಿ ಅವು 1960ರ ದಶಕದಲ್ಲಿ ಅಚ್ಚಾಗುತ್ತಿದ್ದವು, ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿದ್ದವು. ಎಲ್‌ಪಿಯ ಮುಳ್ಳಿನಲ್ಲಿ ಅವನ್ನು ನುಡಿಸಬೇಡಿ. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನ್. ಚಿಕ್ಕ ಮುಳ್ಳು ಗೆರೆಯ ತಳಕ್ಕಿಳಿದು ಅಲ್ಲಿನ ಕಸವನ್ನೆಲ್ಲ ಕೆರೆಯುತ್ತದೆ. ನಿಮ್ಮ 78ಗಳು ಗರಗರ ಎನ್ನುತ್ತಿದ್ದರೆ ಅರ್ಧ ಕಾರಣ ಇದೇ ಇರಬಹುದು. ಸ್ಪಿರಿಟ್ ಅಥವಾ ಆಲ್ಕೊಹಾಲ್ ಇರುವ ಯಾವ ದ್ರವವನ್ನೂ ಅವುಗಳಿಗೆ ಮುಟ್ಟಿಸಬೇಡಿ, ಅರಗು ಕರಗುತ್ತದೆ. ಮಗಳು ತುಣುಕು ತೆಗೆಯಲಿ ಬಿಡಲಿ, ಸರಿಯಾದ ಮುಳ್ಳು ಹಾಕಿಸಿ ಎಲ್ಲವನ್ನೂ ಒಮ್ಮೆ ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಿ. ಆಮೇಲೆ ಅವಳ ಅಭ್ಯಾಸವೆಲ್ಲ ಆ ಕಡತಗಳ ಮೇಲೆ ನಡೆಯಲಿ.

ಸೋಪಿನ ನೀರಿಗೆ ಬಂದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಸುಗಂಧ, ಬಣ್ಣ ಇರುತ್ತವೆ. ಅವು ಒಣಗಿ ಗೆರೆಯೊಳಗೆ ಪದರವಾಗಿ ಕೂರುತ್ತವೆ, ಮುಳ್ಳು ಅದನ್ನು ಉತ್ತುಕೊಂಡು ಹೋಗುತ್ತದೆ. ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು ಬಳಸಿದ್ದರೆ ಸುಣ್ಣದ ಕಣಗಳೂ ಸೇರಿರುತ್ತವೆ. 'ಡಮ್ಮಿ'ಯನ್ನು ಈಗ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ಒರೆಸಿ. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಗೆರೆಯ ದಿಕ್ಕಿನಲ್ಲಿ ಸಾಗಬೇಕು, ಅಡ್ಡಡ್ಡ ಉಜ್ಜಬಾರದು. ನಡುವಿನ ಕಾಗದದ ಲೇಬಲ್ ನೆನೆಯಬಾರದು. ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ, ಬಿಸಿಲಿಗಿಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ಮುಳ್ಳಿನ ತುದಿಗೂ ಸೋಪಿನ ಕಸ ಅಂಟಿರುತ್ತದೆ, ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ.

ಕಾರ್ಟ್ರಿಜ್ ಬದಲಾಯಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮುಳ್ಳು ಹೊಸದಾಗಿಯೇ ಇದೆ. ಮುಳ್ಳು 500ರಿಂದ 1000 ಗಂಟೆ ಬಾಳುತ್ತದೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ನೋಡಬೇಕಾದದ್ದು ಮುಳ್ಳಿನ ಭಾರವನ್ನು. ಹಗುರಾದಷ್ಟೂ ತಟ್ಟೆಗೆ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು. ತೀರ ಹಗುರಾದರೆ ಮುಳ್ಳು ಗೆರೆಯೊಳಗೆ ಕುಪ್ಪಳಿಸಿ ಗೋಡೆಗಳನ್ನು ಜಜ್ಜುತ್ತದೆ. ಮುಳ್ಳಿನ ಪೆಟ್ಟಿಗೆಯ ಮೇಲೆ ಎಷ್ಟು ಗ್ರಾಂ ಎಂದು ಬರೆದಿದೆಯೋ ಅಷ್ಟಕ್ಕೇ ಚಿಕ್ಕ ಡಿಜಿಟಲ್ ತಕ್ಕಡಿಯಿಂದ ತೂಗಿ ಹೊಂದಿಸಿ. ಇಷ್ಟಾದ ಮೇಲೆ ಮತ್ತೆ ಅಂಚಿನ ಖಾಲಿ ಗೆರೆಯಲ್ಲಿ ಮುಳ್ಳಿಟ್ಟು ಕೇಳಿ. ಅಲ್ಲಿ ನಿಶ್ಶಬ್ದವಾಗಿದ್ದು, ಮೊದಲ ಹಾಡಿನೊಂದಿಗೇ ಸದ್ದು ಶುರುವಾದರೆ ರಿಪೇರಿಯವರಿಗೆ ಹಣ ಕೊಡಬೇಕಾಗಿಲ್ಲ. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಬದಿ ಕೇಳಿ.